ಸಿಪಾಯಿಯ ಅಂಗಿಗೆ ಸಾಕ್ಷ್ಯ ಬೇಕು: ವಸ್ತುಸಂಗ್ರಹಾಲಯಗಳ ಸಮವಸ್ತ್ರ ಪ್ರತಿಕೃತಿಗಳ ಕುರಿತು

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಬೃಹತ್ ಚಿತ್ರವಿದೆ. ಹೈದರಾಲಿ ಮತ್ತು ಟಿಪ್ಪುವನ್ನು ನೋಡುಗರು ಕೂಡಲೇ ಗುರುತಿಸುತ್ತಾರೆ. ಅವರ ಸುತ್ತ ಸಾಲುಗಟ್ಟಿ ನಡೆದಿರುವ ಸಿಪಾಯಿಗಳಿಗೆ ಹೆಸರಿಲ್ಲ. ಅಂತಹ ಒಬ್ಬ ಸಿಪಾಯಿಯನ್ನು ಗೋಡೆಯಿಂದ ಇಳಿಸಿ ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕೆಂದರೆ ಅವನಿಗೆ ತೊಡಿಸುವ ಅಂಗಿಯನ್ನು ಎಲ್ಲಿಂದ ತರುವುದು?

ಅರಸರ ವಸ್ತುಗಳು ಉಳಿದಿವೆ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ಇಂಗ್ಲೆಂಡಿಗೆ ಸಾಗಿದ ಟಿಪ್ಪುವಿನ ಯಂತ್ರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅವನ ಡೇರೆ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಸಾಮಾನ್ಯ ಸಿಪಾಯಿಯ ಅಂಗಿಯಾದರೋ ಹರಿಯುವ ತನಕ ಮೈಮೇಲಿರುವಂಥದು. ಅದು ಉಳಿದು ಬರುವುದು ಅಪರೂಪ. ಆದ್ದರಿಂದ ಅವನ ವಿಷಯದಲ್ಲಿ ಪ್ರತಿಕೃತಿಯೇ ಜನರ ಕಣ್ಣಿಗೆ ಬೀಳುವ ಏಕೈಕ ಉಡುಪಾಗುತ್ತದೆ. ಅದು ತಪ್ಪಾಗಿದ್ದರೆ ತಿದ್ದಲು ಪಕ್ಕದಲ್ಲಿ ಮೂಲವಿರುವುದಿಲ್ಲ.

ಮೂಲ ಇದ್ದರೂ ಪ್ರತಿಕೃತಿ ಏಕೆ?

ಬಟ್ಟೆಗೆ ಬೆಳಕೇ ಶತ್ರು. ಬೆಳಕಿನಿಂದಾಗುವ ಹಾನಿ ದಿನದಿಂದ ದಿನಕ್ಕೆ ಕೂಡುತ್ತ ಹೋಗುತ್ತದೆ. ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ. ಹಳೆಯ ಬಟ್ಟೆಗಳ ಪ್ರದರ್ಶನದಲ್ಲಿ ಬೆಳಕು ಸುಮಾರು 50 ಲಕ್ಸ್ ಮೀರಬಾರದೆಂಬುದು ಸಂರಕ್ಷಣೆಯ ರೂಢಿಯ ನಿಯಮ. ಉಣ್ಣೆಗೆ ನುಸಿಯ ಕಾಟ, ಬೆವರಿಗೆ ಲೋಹದ ಗುಂಡಿ ಕಿಲುಬುವ ಭಯ. ಹೀಗಾಗಿ ಮೂಲ ಸಮವಸ್ತ್ರವನ್ನು ಯಾರಿಗೂ ತೊಡಿಸುವಂತಿಲ್ಲ. ಶಾಲಾ ಮಕ್ಕಳು ಮುಟ್ಟಿ ನೋಡುವ, ತೊಟ್ಟು ನಿಲ್ಲುವ ಕಾರ್ಯಕ್ರಮಗಳಿಗೆ ಪ್ರತಿಕೃತಿಯೊಂದೇ ದಾರಿ.

ಮೊದಲು ಸಾಕ್ಷ್ಯ, ನಂತರ ಸೂಜಿ

ದರ್ಜಿಯ ಅಂಗಡಿಗೆ ಹೋಗುವ ಮುನ್ನ ಕ್ಯುರೇಟರ್ ಕೈಯಲ್ಲಿ ಸಾಕ್ಷ್ಯಗಳ ಕಡತವಿರಬೇಕು. ಟಿಪ್ಪುವಿನ ಕಾಲಾಳುಗಳ ವಿಷಯದಲ್ಲಿ ಅದು ಸುಲಭದ ಕೆಲಸವಲ್ಲ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ‘ಹುಲಿ ಅಂಗಿ’ಯ ವರ್ಣನೆಯಿದೆ: ನೇರಳೆ ಬಣ್ಣದ ಬಟ್ಟೆಯ ಮೇಲೆ ಬಿಳಿಯ ವಜ್ರಾಕಾರದ ಗುರುತುಗಳು, ತಲೆಗೆ ಕೆಂಪು ಮುಂಡಾಸು, ನಡುವಿಗೆ ಕೆಂಪು ಪಟ್ಟಿ, ಕಾಲಿಗೆ ಚಪ್ಪಲಿ. ಕಾರ್ನ್‌ವಾಲಿಸ್‌ನ ಸೈನ್ಯದೊಡನೆ ಮೈಸೂರು ಸೀಮೆಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಟಿಪ್ಪುವಿನ ಸೈನಿಕನೊಬ್ಬನನ್ನು ರಾಕೆಟ್ಟಿನ ಕೋಲಿಗೆ ಬಾವುಟ ಕಟ್ಟಿ ಹಿಡಿದ ಭಂಗಿಯಲ್ಲಿ ಚಿತ್ರಿಸಿದ್ದಾನೆ. ಆದರೆ ಬರಹಗಾರನೂ ಚಿತ್ರಕಾರನೂ ಎದುರು ಪಾಳೆಯದವರು ಎಂಬುದನ್ನು ಮರೆಯಬಾರದು.

ದರಿಯಾ ದೌಲತ್‌ನ ಚಿತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ಒಂದಕ್ಕಿಂತ ಹೆಚ್ಚು ಬಾರಿ ಮರುಬಣ್ಣ ಕಂಡಿದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆಯೂ ಅದನ್ನು ಹೊಸದಾಗಿ ಬಿಡಿಸಲಾಯಿತು. ಇಂದು ಕಾಣುವ ಬಣ್ಣ 1780ರ ದಶಕದ್ದೇ ಎನ್ನಲಾಗದು. ಒಂದೇ ಸಾಕ್ಷ್ಯವನ್ನು ನೆಚ್ಚದೆ ಎರಡು ಮೂರನ್ನು ಹೋಲಿಸಿ, ಖಚಿತವಾದದ್ದು ಯಾವುದು, ಊಹೆ ಯಾವುದು ಎಂದು ಬರೆದಿಡುವುದೇ ಕ್ರಮ.

20ನೇ ಶತಮಾನಕ್ಕೆ ಬಂದರೆ ಸಾಕ್ಷ್ಯ ಹೇರಳ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಸೇನೆಯಲ್ಲಿ ಜೋಧಪುರದವರೊಂದಿಗೆ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಪ್ರತಿಮೆಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ದಳಗಳನ್ನು ಪ್ರತಿನಿಧಿಸುತ್ತವೆ. 1922ರ ಈ ಪ್ರತಿಮೆಗಳು ಅಂಗಿಯ ಕತ್ತರಿಕೆ, ರುಮಾಲಿನ ಸುತ್ತು, ಪಟ್ಟಿಗಳ ಜಾಗವನ್ನು ತಿಳಿಸುತ್ತವೆ, ಬಣ್ಣವನ್ನು ತಿಳಿಸುವುದಿಲ್ಲ. ಅದಕ್ಕೆ ಲೊವೆಟ್ ಚಿತ್ರಗಳಿರುವ 1911ರ ‘ದಿ ಆರ್ಮೀಸ್ ಆಫ್ ಇಂಡಿಯಾ’ದಂತಹ ವರ್ಣಚಿತ್ರ ಗ್ರಂಥಗಳನ್ನೂ, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ನ್ಯಾಷನಲ್ ಆರ್ಮಿ ಮ್ಯೂಸಿಯಂಗಳ ಅಂತರ್ಜಾಲ ಸಂಗ್ರಹಗಳನ್ನೂ ನೋಡಬೇಕು. ಮೈಸೂರು ಲ್ಯಾನ್ಸರ್ಸ್ ಪರಂಪರೆ 1953ರಲ್ಲಿ ರೂಪುಗೊಂಡ 61ನೇ ಕ್ಯಾವಲ್ರಿಯಲ್ಲಿ ಮುಂದುವರಿದಿದೆ. ಇಂತಹ ರೆಜಿಮೆಂಟುಗಳಿಗೆ ಪತ್ರ ಬರೆದು ವಿಚಾರಿಸುವುದು ಮೊದಲ ಹೆಜ್ಜೆಗಳಲ್ಲೊಂದು.

ಬಟ್ಟೆ, ಬಣ್ಣ, ಹೊಲಿಗೆ

ಹೆಚ್ಚಿನ ಪ್ರತಿಕೃತಿಗಳು ಸೋಲುವುದು ಬಟ್ಟೆಯಲ್ಲಿ. ಪಾಲಿಯೆಸ್ಟರ್ ಹುಟ್ಟಿದ್ದೇ 1941ರಲ್ಲಿ. ಟಿಪ್ಪುವಿನ ಸಿಪಾಯಿಗಾಗಲಿ ಹೈಫಾದ ಸವಾರನಿಗಾಗಲಿ ಅದನ್ನು ತೊಡಿಸಿದರೆ ದೂರದಿಂದಲೇ ಹೊಳಪು ಗುಟ್ಟು ಬಿಟ್ಟುಕೊಡುತ್ತದೆ. 18ನೇ ಶತಮಾನದ ಹತ್ತಿಯ ಉಡುಪಿಗೆ ಕೈನೂಲಿನ, ಕೈಮಗ್ಗದ ಬಟ್ಟೆಯೇ ಹತ್ತಿರ. ಹೊಲಿಗೆ ಯಂತ್ರ ಬಳಕೆಗೆ ಬಂದದ್ದು 19ನೇ ಶತಮಾನದ ಮಧ್ಯದಲ್ಲಾದ್ದರಿಂದ ಅದಕ್ಕೂ ಹಿಂದಿನ ಅಂಗಿಯಲ್ಲಿ ಕಣ್ಣಿಗೆ ಕಾಣುವ ಹೊಲಿಗೆಯಾದರೂ ಕೈಹೊಲಿಗೆಯಾಗಿರಬೇಕು.

ಖಾಕಿ ಎಂದಾಕ್ಷಣ ಪೊಲೀಸ್ ಸಮವಸ್ತ್ರದ ಬಟ್ಟೆ ತರುವುದು ಇನ್ನೊಂದು ತಪ್ಪು. ಧೂಳಿನ ಬಣ್ಣವೆಂಬ ಅರ್ಥದ ಖಾಕಿಗೆ ಒಂದೇ ಛಾಯೆ ಎಂದೂ ಇರಲಿಲ್ಲ. 19ನೇ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ ಖಾಕಿ ಬಟ್ಟೆಗೆ ಹೆಸರಾಗಿತ್ತು. ಮೊದಲ ಮಹಾಯುದ್ಧದ ಕಾಲದ ಹತ್ತಿಯ ಖಾಕಿ ಡ್ರಿಲ್ ಬಟ್ಟೆಗೂ ಇಂದಿನ ಮಿಶ್ರ ನೂಲಿನ ಬಟ್ಟೆಗೂ ಬಣ್ಣ, ತೂಕ, ಮಡಿಕೆ ಎಲ್ಲದರಲ್ಲೂ ಅಂತರವಿದೆ.

ಯಾರು ಮಾಡಿಕೊಡುತ್ತಾರೆ?

ಮೂರು ದಾರಿಗಳಿವೆ. ಮೊದಲನೆಯದು ನಾಟಕ, ಸಿನಿಮಾ ಉಡುಪುಗಳ ಬಾಡಿಗೆ ಅಂಗಡಿ: ಅಗ್ಗ, ಶೀಘ್ರ, ಆದರೆ ರಂಗದ ಬೆಳಕಿಗಾಗಿ ಹೊಲಿದದ್ದು. ಎರಡನೆಯದು ಯುದ್ಧ ಮರುಸೃಷ್ಟಿ ಕೂಟಗಳಿಗೆ ಸಿದ್ಧ ಉಡುಪು ಮಾರುವವರು: ಎರಡು ಮಹಾಯುದ್ಧಗಳ ಉಡುಪು ಸಿಗುತ್ತದೆ, ದೇಶೀ ಸಂಸ್ಥಾನಗಳ ಉಡುಪು ಹುಡುಕಿದರೂ ಸಿಗುವುದು ಕಷ್ಟ. ಮೂರನೆಯದು ಬಿಡಿಬಿಡಿಯಾಗಿ ಮಾಡಿಸುವುದು. ಕುಶಲಕರ್ಮಿಗಳು ದೇಶದಲ್ಲೇ ಇದ್ದಾರೆ. ಜರಿ ಕಸೂತಿಯ ಬ್ಯಾಡ್ಜುಗಳಿಗೆ ವಾರಾಣಸಿ, ಜೀನು ಮತ್ತು ಚರ್ಮದ ಪಟ್ಟಿಗಳಿಗೆ ಕಾನ್ಪುರ, ಕತ್ತಿಗಳಿಗೆ ಡೆಹ್ರಾಡೂನ್ ಹೆಸರುವಾಸಿ. ಅಂಗಿಯನ್ನು ಸ್ಥಳೀಯ ದರ್ಜಿಯೇ ಹೊಲಿಯಬಲ್ಲ. ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಮಾದರಿ ಹೊಲಿಸಿ, ತಿದ್ದಿ, ಬಳಿಕ ಅಸಲು ಬಟ್ಟೆಗೆ ಕತ್ತರಿ ಹಾಕಿಸಬೇಕು.

ಸರ್ಕಾರಿ ಸಂಗ್ರಹಾಲಯಗಳಿಗೆ ಟೆಂಡರಿನ ತೊಡಕೂ ಇದೆ. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ. ‘ಹಳೆಯ ಕಾಲದ ಸೈನಿಕ ಉಡುಪು, 6 ಜೊತೆ’ ಎಂದಷ್ಟೇ ಬರೆದರೆ ಅತಿ ಕಡಿಮೆ ದರ ಕೂಗಿದವನು ನಾಟಕದ ಉಡುಪು ತಂದಿಟ್ಟರೂ ಆಕ್ಷೇಪಿಸಲಾಗದು. ನೂಲು, ನೇಯ್ಗೆ, ಬಣ್ಣದ ತುಣುಕು, ಗುಂಡಿಯ ಲೋಹ, ಅಳತೆಗಳನ್ನು ಷರತ್ತಿನಲ್ಲೇ ನಮೂದಿಸಿ, ಮಾದರಿ ಒಪ್ಪಿಗೆಯಾದ ಮೇಲೆಯೇ ಉಳಿದದ್ದು ಎಂಬ ನಿಬಂಧನೆ ಹಾಕುವುದು ಕ್ಷೇಮ.

ಕಾನೂನಿನ ಎಚ್ಚರ

100 ವರ್ಷ ದಾಟಿದ ಮೂಲ ಉಡುಪು 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಇಂದಿನ ಸೇನೆಯ ಉಡುಪನ್ನು ಹೋಲುವ ಬಟ್ಟೆಯನ್ನು, ತಾನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನ ಪ್ರಕಾರ ಅಪರಾಧ: 3 ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರದರ್ಶನದಲ್ಲಿ ಅಂತಹ ಉದ್ದೇಶವಿರದು. ಆದರೂ ಕಾರ್ಯಕ್ರಮ ಮುಗಿದೊಡನೆ ಉಡುಪುಗಳನ್ನು ಎಣಿಸಿ ಒಳಗಿಡುವುದು ಒಳಿತು.

ಒಳಗೊಂದು ಚೀಟಿ

ಕೊನೆಯ ಕೆಲಸ ಚಿಕ್ಕದು, ಮರೆತುಹೋಗುವಂಥದು. ಪ್ರತಿಯೊಂದು ಅಂಗಿಯ ಒಳಮಡಿಕೆಯಲ್ಲಿ ‘ಪ್ರತಿಕೃತಿ’ ಎಂಬ ಪದ, ಹೊಲಿದ ವರ್ಷ, ಹೊಲಿದವರ ಹೆಸರು ಇರುವ ಚೀಟಿಯನ್ನು ಹೊಲಿಯಬೇಕು. ಚೆನ್ನಾಗಿ ಮಾಡಿದ ಪ್ರತಿಕೃತಿ ಐವತ್ತು ವರ್ಷ ಕಳೆದರೆ ಮೂಲದಂತೆಯೇ ಕಾಣತೊಡಗುತ್ತದೆ. ಮುಂದೊಬ್ಬರು ಅದನ್ನೇ ಸಾಕ್ಷ್ಯವೆಂದು ನಂಬಿ ಇನ್ನೊಂದನ್ನು ಹೊಲಿಸಬಾರದು. ಗಾಜಿನ ಹೊರಗಿನ ಫಲಕದಲ್ಲಿಯೂ ಇದೇ ಮಾತಿರಲಿ: ಅಂಗಿಯ ಕತ್ತರಿಕೆ ಚಿತ್ರದಿಂದ, ಬಣ್ಣ ಬರಹದಿಂದ, ಚಪ್ಪಲಿ ಊಹೆಯಿಂದ. ಹೆಸರು ಉಳಿಯದ ಸಿಪಾಯಿಗೆ ಕಡೆಯ ಪಕ್ಷ ಅಂಗಿಯ ಮಟ್ಟಿಗಾದರೂ ಸತ್ಯವನ್ನು ಸಲ್ಲಿಸಬೇಕು.