ಬುದ್ಧಿಯ ಗೆಲವು

ರೋಣ ತಾಲೂಕಿನ ಸವಡಿಯೇ ಪ್ರಾಚೀನರ ಕಿಸುಕಾಡುನಾಡಿನ ಸಯ್ಯಡಿಯೆಂದು ವಿದ್ವಾಂಸರು ನಿರ್ಣಯಿಸಿರುವರು. ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಈ ಊರಿನವನು. ಅವನು ವಸುಭಾಗಭಟ್ಟನ ಪಾಠವನ್ನನುಸರಿಸಿ ಸುಮಾರು 1031ರಲ್ಲಿ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದನು. ಸಂಧಿ ವಿಗ್ರಹಗಳೇ ಯಾವನ ನಿತ್ಯದ ಉದ್ಯೋಗವೋ ಅಂಥವನು, ಮೊಲವು ಸಿಂಹವನ್ನು ಬಾವಿಗೆ ಕೆಡವಿದ ಕಥೆಯನ್ನು ಬರೆಯುವಾಗ, ಬಾಲಕರನ್ನು ನಗಿಸುವದೊಂದೇ ಅವನ ಉದ್ದೇಶವಾಗಿದ್ದಿರಲಾರದು.

ಯವನರ ಆದಿಕವಿಯಾದ ಹೋಮರನ ಒಡಿಸ್ಯೂಸನು ಈ ಮೊಲಕ್ಕೆ ಹತ್ತಿರದ ಬಂಧು. ಹತ್ತು ವರ್ಷ ಕಾದಿದರೂ ಅಕಿಲೀಸನಂಥ ವೀರರಿಗೆ ವಶವಾಗದ ಟ್ರಾಯ್ ನಗರವು ಇವನ ಮರದ ಕುದುರೆಗೆ ವಶವಾಯಿತು. ಅದಕ್ಕೂ ಮೊದಲು ಇವನು ತನ್ನ ಮೈಯನ್ನು ತಾನೇ ಹೊಡೆದುಕೊಂಡು, ಹರಕು ಬಟ್ಟೆಯುಟ್ಟು, ಭಿಕ್ಷುಕನಂತೆ ಶತ್ರುವಿನ ಊರನ್ನು ಹೊಕ್ಕು ಬಂದಿದ್ದನು. ಗೂಗೆಗಳ ಗುಹೆಯನ್ನು ಹೊಗಲು ಗಾಯಾಳುವಿನ ವೇಷ ಹಾಕಿದ ಕಾಗೆಯ ಮಂತ್ರಿಯನ್ನು ಪಂಚತಂತ್ರದ ಪರಂಪರೆಯಲ್ಲಿ ಓದಿದವರಿಗೆ ಇದು ಹೊಸತೆನಿಸದು.

ಆದರೂ ಒಡಿಸ್ಯೂಸನು ಬಲಹೀನನಲ್ಲ. ಮಲ್ಲಯುದ್ಧದಲ್ಲಿ ಮಹಾಕಾಯನಾದ ಏಜಾಕ್ಸನಿಗೆ ಸರಿಸಮನಾಗಿ ನಿಂತವನು. ಅನ್ಯರು ಹೆದೆಯೇರಿಸಲಾರದ ಬಿಲ್ಲನ್ನು ಏರಿಸಿದವನು. ಅವನ ವಿಶೇಷವು ಬಲವನ್ನು ಯಾವಾಗ ಪ್ರಯೋಗಿಸಬಾರದೆಂದು ತಿಳಿದದ್ದರಲ್ಲಿದೆ. ಒಕ್ಕಣ್ಣ ರಾಕ್ಷಸನಾದ ಪಾಲಿಫೀಮಸನು ಕುಡಿದು ಮಲಗಿದ್ದಾಗ ಕೊಲ್ಲುವದು ಸುಲಭವಿತ್ತು. ಆದರೆ ಗುಹೆಯ ಬಾಗಿಲಿನ ಬಂಡೆಯನ್ನು ಸರಿಸಬಲ್ಲವನು ಆ ರಾಕ್ಷಸನೊಬ್ಬನೇ! ಅದರಿಂದ ಕೊಲ್ಲದೆ ಕಣ್ಣನ್ನಷ್ಟೇ ಚುಚ್ಚಿದನು. ಬೆಳಗಾಗಲು ವೈರಿಯ ತೋಳುಗಳೇ ಬಾಗಿಲು ತೆರೆದವು. ಟಗರುಗಳ ಹೊಟ್ಟೆಗೆ ಜೋತುಬಿದ್ದು ಎಲ್ಲರೂ ಹೊರಬಿದ್ದರು. ಇಷ್ಟು ಜಾಣನೂ ಹಡಗೇರಿದ ಮೇಲೆ ಗರ್ವದಿಂದ ತನ್ನ ಹೆಸರನ್ನು ಕೂಗಿ ಹೇಳಿ, ಸಮುದ್ರದೇವನ ಕೋಪಕ್ಕೆ ಗುರಿಯಾದನು.

ಬುದ್ಧಿಯ ನಿಜವಾದ ಪರೀಕ್ಷೆಯು ಗೆದ್ದ ಮೇಲೆಯೇ ಬರುವದು. ಮಡಿದ ಅಕಿಲೀಸನ ಆಯುಧಗಳು ಏಜಾಕ್ಸನಿಗೆ ಸಲ್ಲದೆ ಒಡಿಸ್ಯೂಸನಿಗೆ ಸಂದವು. ಏಜಾಕ್ಸನು ಬುದ್ಧಿಭ್ರಮೆಗೊಂಡು ಕೊನೆಗೆ ಆತ್ಮಹತ್ಯೆ ಮಾಡಿಕೊಂಡನು. ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಎಂದು ಕನ್ನಡಕ್ಕೆ ತಂದದ್ದು ಸಾಫೊಕ್ಲೀಸನ ಈ ಕಥೆಯ ನಾಟಕವನ್ನೇ. ಮೂಲ ನಾಟಕದಲ್ಲಿ, ಸತ್ತವನಿಗೆ ಸಂಸ್ಕಾರ ಕೂಡದೆಂದು ಅರಸರು ಹಟ ಹಿಡಿದಾಗ, ಸಂಸ್ಕಾರವಾಗಲೇಬೇಕೆಂದು ವಾದಿಸುವವನು ಒಡಿಸ್ಯೂಸನೇ. ಹೋಮರನಲ್ಲಿಯೂ, ಪ್ರೇತಲೋಕದಲ್ಲಿ ಏಜಾಕ್ಸನು ಮಾತಾಡದೆ ಮುಖ ತಿರುವಿ ಹೋದಾಗ, ಆ ಸ್ಪರ್ಧೆಯಲ್ಲಿ ಗೆಲ್ಲದಿದ್ದರೇ ಲೇಸಾಗುತ್ತಿತ್ತೆಂದು ಅವನು ಮರುಗುವನು.

ಗೆದ್ದವನ ನಡತೆಯ ಈ ಪ್ರಶ್ನೆಯು 1785ರಲ್ಲಿ ಸವಡಿಯ ನೆರೆಯ ನರಗುಂದದಲ್ಲಿಯೂ ಎದ್ದಿತು. ಅಲ್ಲಿಯ ದೇಶಗತಿಯ ವೆಂಕಟರಾವ ಭಾವೆಯ ಮೇಲೆ ಟೀಪೂಸುಲ್ತಾನನು ಕಪ್ಪವನ್ನು ಹೆಚ್ಚಿಸಲು, ವೆಂಕಟರಾವನು ಪುಣೆಯ ಆಸರೆಯನ್ನು ಬಯಸಿದನು. ಮೈಸೂರಿನ ಕಣ್ಣಿಗೆ ಇದು ಸಾಮಂತನ ದ್ರೋಹ. ಅದೂ ಒಂದು ಪಕ್ಷವೇ. ಮುತ್ತಿದ ಸೈನ್ಯಕ್ಕೆ ಗುಡ್ಡದ ಮೇಲಿನ ಕೋಟೆಯು ಬಲದಿಂದ ಬಗ್ಗಲಿಲ್ಲ. ಗ್ರಾಂಟ್ ಡಫ್ಫನ ಮರಾಠರ ಇತಿಹಾಸದ ಪ್ರಕಾರ, ಸುಲ್ತಾನನು ಪುಣೆಯವರೊಡನೆ ಸಂಧಾನದ ಮಾತಾಡಿ ಅವರ ಸೈನ್ಯವು ಹಿಂದಿರುಗುವಂತೆ ಮಾಡಿ, ಬಳಿಕ ಮುತ್ತಿಗೆಯನ್ನು ಬಿಗಿಗೊಳಿಸಿದನು. ಅಲ್ಲಿಯವರೆಗೆ ಅದನ್ನು ರಾಜನೀತಿಯೆನ್ನಬಹುದು, ದುರ್ಗಸಿಂಹನೂ ಆಕ್ಷೇಪಿಸುತ್ತಿರಲಿಲ್ಲವೇನೋ. ಆದರೆ ಪ್ರಾಣಕ್ಕೂ ಮಾನಕ್ಕೂ ಅಭಯ ಪಡೆದು ಕೋಟೆಯನ್ನು ಬಿಟ್ಟುಕೊಟ್ಟವರಿಗೆ ಆ ಅಭಯವು ಸಲ್ಲಲಿಲ್ಲ. ವೆಂಕಟರಾವನೂ ಅವನ ಕಾರಭಾರಿಯಾದ ಕಾಳೋಪಂತ ಪೇಠೆಯೂ ಸೆರೆಯಾಳುಗಳಾಗಿ ದೂರದ ಕಬ್ಬಾಳದುರ್ಗಕ್ಕೆ ಹೋದರು.

ಕೋಟೆಯು ದೊರೆಯಿತು, ನೆಮ್ಮದಿಯು ದೊರೆಯಲಿಲ್ಲ. ಮರುವರ್ಷವೇ ಮರಾಠರೂ ನಿಜಾಮನೂ ಕೂಡಿ ಟೀಪುವಿನ ಮೇಲೆ ದಂಡೆತ್ತಿ ಬಂದರು. ಗಜೇಂದ್ರಗಡವೂ ಬದಾಮಿಯೂ ಯುದ್ಧಭೂಮಿಗಳಾದವು. 1787ರಲ್ಲಿ ಗಜೇಂದ್ರಗಡದಲ್ಲಾದ ಒಪ್ಪಂದದಂತೆ ಸುಲ್ತಾನನು ಬದಾಮಿ, ಕಿತ್ತೂರುಗಳೊಡನೆ ನರಗುಂದವನ್ನೂ ಬಿಟ್ಟುಕೊಟ್ಟನು. ಕಾಳೋಪಂತನ ಬಿಡುಗಡೆಯೂ ಆ ಒಪ್ಪಂದದಲ್ಲಿಯೇ ಸೇರಿತ್ತು.