ಗಡಿ ದಾಟಿದ ತಂಬೂರಿ: ಮಾಗನೂರು ಸೀಮೆಯ ಹಾಡಿನ ಪರಂಪರೆ

ರಾಜ್ಯಗಳ ಗಡಿಯನ್ನು ಕಾಗದದ ಮೇಲೆ ಒಂದೇ ದಿನದಲ್ಲಿ ಎಳೆಯಬಹುದು; ನಾಲಿಗೆಯ ಗಡಿಯನ್ನು ಹಾಗೆ ಎಳೆಯಲಾಗದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ವಿಂಗಡಣೆಗೊಂಡಾಗ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದುವರೆಗೆ ಅದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಗದ್ವಾಲ ಮತ್ತು ಆಲಂಪುರಗಳು ಆಂಧ್ರಪ್ರದೇಶದ ಪಾಲಾದವು. ರಾಯಚೂರಿನಿಂದ ಮಖ್ತಲಿಗೆ ಹೋಗುವ ದಾರಿಯಲ್ಲಿರುವ ಮಾಗನೂರು ಸೀಮೆಯೂ ಕೃಷ್ಣೆಯ ಆಚೆ ಉಳಿಯಿತು. 2014ರಲ್ಲಿ ತೆಲಂಗಾಣ ರಾಜ್ಯವೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಹುಟ್ಟಿದವು. ಆಡಳಿತದ ವಿಳಾಸ ಮತ್ತೆ ಮತ್ತೆ ಬದಲಾಯಿತು, ಹಾಡು ಬದಲಾಗಲಿಲ್ಲ.

ಈ ಹಾಡಿನ ಹಿರಿಮೆಯನ್ನು ಅರಿಯಲು ಹದಿನೆಂಟನೆಯ ಶತಮಾನಕ್ಕೆ ಹೋಗಬೇಕು. ವಿಜಯನಗರದ ಕಾಲದಲ್ಲಿ ವ್ಯಾಸರಾಯರ, ಪುರಂದರದಾಸರ, ಕನಕದಾಸರ ನೇತೃತ್ವದಲ್ಲಿ ಬೆಳಗಿದ ದಾಸಸಾಹಿತ್ಯವು 1565ರ ಪತನದ ತರುವಾಯ ಮಂಕಾಗಿತ್ತು. ಅದು ಮರಳಿ ಚಿಗುರಿದ್ದು ಈ ಕೃಷ್ಣಾ-ತುಂಗಭದ್ರೆಯರ ನಡುನಾಡಿನಲ್ಲಿ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು ಆ ಚಿಗುರಿಗೆ ನೀರೆರೆದರು. ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣನು ಅವರಿಂದ ‘ಗೋಪಾಲವಿಠಲ’ ಎಂಬ ಅಂಕಿತವನ್ನು ಪಡೆದು ಗೋಪಾಲದಾಸರಾದರು. ಅವರು ನೆಲೆಸಿದ ಉತ್ತನೂರು ಇಂದು ಗದ್ವಾಲ ಜಿಲ್ಲೆಯಲ್ಲಿದೆ. ವ್ಯಾಧಿಗ್ರಸ್ತರಾದ ಮಾನ್ವಿಯ ಶ್ರೀನಿವಾಸಾಚಾರ್ಯರು ಗುರ್ವಾಜ್ಞೆಯಂತೆ ಇವರನ್ನು ಆಶ್ರಯಿಸಿ ಬಂದಾಗ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಗೋಪಾಲದಾಸರು ಧಾರೆಯೆರೆದರೆಂಬುದು ದಾಸಪಂಥದ ನಂಬುಗೆ. ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ಮೂವತ್ತೆರಡು ಸಂಧಿಗಳ ಹರಿಕಥಾಮೃತಸಾರವನ್ನು ರಚಿಸಿದರು. ಕನ್ನಡದ ಒಂದು ಮಹಾಕೃತಿಯ ಹಿನ್ನೆಲೆಯಲ್ಲಿ ಇಂದಿನ ತೆಲಂಗಾಣದ ಊರೊಂದು ನಿಂತಿದೆ ಎಂಬುದನ್ನು ನಾವು ಮರೆಯಬಾರದು.

ದೇವರನಾಮ ಒಂದೇ ಈ ಸೀಮೆಯ ಧ್ವನಿಯಲ್ಲ. ರಾಯಚೂರು, ಕಲಬುರಗಿ ಭಾಗಗಳ ಹಳ್ಳಿಗಳಲ್ಲಿ ಮೊಹರಮ್ಮಿನ ದಿನಗಳಲ್ಲಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಾಗಿ ಹಾಡುತ್ತಾರೆ. ಹಿಂದೂಗಳೂ ಮುಸಲ್ಮಾನರೂ ಒಂದೇ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಇತ್ತ ಯೆಮೆನ್ ದೇಶದ ಹದ್ರಮೌತಿನಿಂದ ಬಂದು ನಿಜಾಮನ ಸೈನ್ಯ ಸೇರಿದ ಅರಬರು ಹೈದರಾಬಾದಿನ ಮರ್ಫಾ ವಾದ್ಯಮೇಳಕ್ಕೆ ಕಾರಣರಾದವರಲ್ಲಿ ಸೇರುತ್ತಾರೆ. ಅದೇ ಹದ್ರಮೌತಿನ ವರ್ತಕರು ಮಲಯ ನಾಡಿಗೆ ಹೋದಾಗ ಅಲ್ಲಿಯ ಗಾಂಬುಸ್ ಎಂಬ ತಂತಿವಾದ್ಯದ ಸಂಗೀತ ಬೆಳೆಯಿತು. ಹೀಗೆ ಎರಡು ದೂರದ ನಾಡುಗಳ ನಾದಕ್ಕೆ ಒಂದೇ ಕಡಲು ದಾರಿಯಾಯಿತು.

ಮಲಯ ನಾಡಿನಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ. ಅಲ್ಲಿಯ ಕೆಲಂತಾನಿನ ‘ಮಕ್ ಯೋಂಗ್’ ಎಂಬುದು ಹಾಡು, ಕುಣಿತ, ಕಥೆಗಳು ಬೆರೆತ ಪುರಾತನ ರಂಗಕಲೆ. ಅದರಲ್ಲಿ ಹೆಂಗಸರೇ ಪ್ರಧಾನರು. ಆಟದ ಮೊದಲಿಗೆ ಎಲ್ಲರೂ ರೆಬಾಬ್ ಎಂಬ ಕಮಾನುವಾದ್ಯಕ್ಕೆ ಅಭಿಮುಖವಾಗಿ ಕುಳಿತು ಅದಕ್ಕೆ ವಂದಿಸುವ ಹಾಡನ್ನು ಹಾಡುತ್ತಾರೆ. 1991ರಲ್ಲಿ ಕೆಲಂತಾನ್ ಸರ್ಕಾರವು ಈ ಕಲೆಯ ಪ್ರದರ್ಶನವನ್ನು ನಿಷೇಧಿಸಿತು. 2005ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು. 2019ರಲ್ಲಿ ಕೆಲವು ಷರತ್ತುಗಳೊಡನೆ ನಿಷೇಧ ಸಡಿಲವಾಯಿತು. ಜಗತ್ತಿನ ಮನ್ನಣೆಯು ಕಲೆಗೆ ಗೌರವವನ್ನು ತರಬಲ್ಲುದು. ಆದರೆ ಅಷ್ಟು ವರ್ಷ ಅದನ್ನು ಬದುಕಿಸಿದ್ದು ಊರಿನ ಕಂಠಗಳು.

ನಮ್ಮ ಹಾಡಿಗೆ ಯಾರ ನಿಷೇಧವೂ ಇಲ್ಲ. ಇರುವ ಅಪಾಯವು ಮೌನವಾದದ್ದು. ತೆಲುಗು ನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡದ ದೇವರನಾಮಗಳನ್ನು ತೆಲುಗು ಲಿಪಿಯ ಪುಸ್ತಕಗಳಿಂದ ಹಾಡುತ್ತಾರೆ. ಇದು ಕನ್ನಡದ ಭಾಗ್ಯವೇ ಸರಿ. ಲಿಪಿ ಬದಲಾದರೂ ಮಾತು ಉಳಿದಿದೆ, ರಾಗ ಉಳಿದಿದೆ. ಆದರೆ ಮನೆಯಲ್ಲಿ ಕನ್ನಡವನ್ನು ಆಡುವವರಿಲ್ಲವಾದರೆ ಒಂದೆರಡು ತಲೆಮಾರುಗಳಲ್ಲಿ ಅರ್ಥವು ಜಾರಿ, ಶಬ್ದ ಮಾತ್ರ ಉಳಿಯುತ್ತದೆ. ಅರ್ಥ ತಿಳಿಯದ ಹಾಡನ್ನು ಮಕ್ಕಳು ಮುಂದಕ್ಕೆ ಒಯ್ಯಲಾರರು.

ಆದುದರಿಂದ ಗಡಿನಾಡಿನ ಕನ್ನಡ ಸಂಘಗಳ ಮುಂದಿರುವ ಕೆಲಸ ಸ್ಪಷ್ಟವಾಗಿದೆ. ಅಜ್ಜಿಯರ ಕೈಬರಹದ ಹಾಡಿನ ಪುಸ್ತಕಗಳನ್ನೂ ರಿವಾಯತ್ ಪದಕಾರರ ನೆನಪಿನ ಪದಗಳನ್ನೂ ಸಂಗ್ರಹಿಸಬೇಕು. ಅವುಗಳನ್ನು ಎರಡೂ ಲಿಪಿಗಳಲ್ಲಿ, ಅರ್ಥಸಹಿತ ಅಚ್ಚು ಹಾಕಿಸಬೇಕು. ಈ ಸೀಮೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಆ ಪದಗಳನ್ನು ಮಕ್ಕಳ ಬಾಯಿಗೆ ತರಬೇಕು. ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಶ್ರಮದಿಂದ ಶೋಧಿಸಿ ಪ್ರಕಟಿಸಿದ ಆದರ್ಶ ನಮ್ಮ ಕಣ್ಣೆದುರಿಗಿದೆ. ಗೋಪಾಲದಾಸರು ತಮ್ಮ ಆಯುಷ್ಯವನ್ನೇ ಇನ್ನೊಬ್ಬರ ಹಾಡಿಗೆ ದಾನ ಮಾಡಿದರೆಂದು ನಂಬುವ ನಾಡು ಇದು; ಆ ಹಾಡಿಗಾಗಿ ನಾವು ಕೆಲವು ಸಂಜೆಗಳನ್ನಾದರೂ ಕೊಡುವುದು ಹೆಚ್ಚಲ್ಲ.