ಎಲ್ಲೋರದ ಕೈಲಾಸ: ಉಳಿ, ಸುತ್ತಿಗೆ ಮತ್ತು ದಿನಗಳ ಲೆಕ್ಕ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರು ಊರಿನಿಂದ ಬಂದ ಬಂಧುಗಳನ್ನು ಕರೆದೊಯ್ಯುವ ತಾಣಗಳಲ್ಲಿ ಎಲ್ಲೋರವೂ ಒಂದು. ಅಲ್ಲಿನ ಹದಿನಾರನೆಯ ಗುಹೆಯೆಂದು ಎಣಿಸಲ್ಪಡುವ ಕೈಲಾಸ ದೇವಾಲಯದ ಅಂಗಳದಲ್ಲಿ ನಿಂತಾಗ ಯಾರಿಗಾದರೂ ಮೊದಲು ತೋರುವ ಪ್ರಶ್ನೆ, ‘ಇದನ್ನು ಮನುಷ್ಯರು ಮಾಡಿದ್ದಾದರೂ ಹೇಗೆ?’ ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಈಚೆಗೆ ಅದಕ್ಕೆ ಸಿದ್ಧ ಉತ್ತರಗಳೂ ಹುಟ್ಟಿಕೊಂಡಿವೆ. ಕಲ್ಲನ್ನು ಆವಿಯಾಗಿಸುವ ಯಂತ್ರವೊಂದಿತ್ತು ಎನ್ನುವವರಿದ್ದಾರೆ. ಅನ್ಯಲೋಕದಿಂದ ಯಾರೋ ಬಂದು ಕಡೆದು ಹೋದರು ಎನ್ನುವವರೂ ಇದ್ದಾರೆ. ಅಷ್ಟು ದೂರ ಹೋಗುವ ಮೊದಲು ಉಳಿ, ಸುತ್ತಿಗೆ, ದಾರ, ಬುಟ್ಟಿಗಳು ನಮ್ಮನ್ನು ಎಲ್ಲಿಯವರೆಗೆ ಕರೆದೊಯ್ಯುತ್ತವೆಂದು ನೋಡುವುದು ಉಚಿತ.

ದೇವಾಲಯದ ಬಹುಭಾಗವು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು, ಎಂದರೆ ಎಂಟನೆಯ ಶತಮಾನದ ಉತ್ತರಾರ್ಧದ್ದು. ಬೆಟ್ಟದ ಇಳಿಜಾರಿನಲ್ಲಿ ತೋಡಿದ ಆ ಹೊಂಡದ ಉದ್ದ ಸುಮಾರು 276 ಅಡಿ, ಅಗಲ 154 ಅಡಿ. ಹಿಂಬದಿಯ ಗೋಡೆಯ ಎತ್ತರ 107 ಅಡಿ. ನಡುವೆ ಗರ್ಭಗುಡಿ, ಶಿಖರ, ಮಂಟಪ, ನಂದಿಮಂಟಪ; ಇಕ್ಕೆಲಗಳಲ್ಲಿ ಎತ್ತರದ ಕಂಬಗಳು, ಆನೆಗಳು. ಇವೆಲ್ಲವೂ ಒಂದೇ ಬಂಡೆಯ ಭಾಗಗಳು.

ಇಂಥ ಕೆಲಸವನ್ನು ಕಂಡು ನಾವು ಬೆರಗಾಗುವುದು, ಅರಿವಿಲ್ಲದೆಯೇ, ಕಟ್ಟಡದ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದರಿಂದ. ಇಷ್ಟು ಭಾರದ ಕಲ್ಲನ್ನು ಆ ಎತ್ತರಕ್ಕೆ ಏರಿಸಿದವರು ಯಾರು ಎಂದು ಕೇಳಿಕೊಳ್ಳುತ್ತೇವೆ. ಇಲ್ಲಿ ಯಾವ ಕಲ್ಲನ್ನೂ ಏರಿಸಬೇಕಾಗಿರಲಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನೂ ಯಾರೂ ಬೆಟ್ಟಕ್ಕೆ ಹೊತ್ತೊಯ್ಯಲಿಲ್ಲ. ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯೇ ಗೊಮ್ಮಟನಾಯಿತು. ಕೈಲಾಸದಲ್ಲಿಯೂ ಮೊದಲು ಬೆಟ್ಟದ ಮೇಲಿನಿಂದ ಮೂರು ಕಂದಕಗಳನ್ನು ತೋಡಿದರು: ಎಡಬಲಗಳಲ್ಲಿ ಒಂದೊಂದು, ಹಿಂದೆ ಅಡ್ಡಲಾಗಿ ಇನ್ನೊಂದು. ನಡುವೆ ದ್ವೀಪದಂತೆ ಉಳಿದ ಬಂಡೆಯಲ್ಲಿ ಶಿಖರದ ತುದಿಯಿಂದ ಕೆಲಸ ಕೆಳಗಿಳಿಯಿತು. ಕಲ್ಲುಕುಟಿಗನು ನಿಂತ ನೆಲವೇ ಅವನಿಗೆ ಅಟ್ಟಣಿಗೆ. ಒಂದು ಹಂತ ಮುಗಿದಂತೆ ಆ ನೆಲವನ್ನೇ ಕಡಿಯುತ್ತ ಕೆಳಗಿನ ಹಂತಕ್ಕೆ ಇಳಿಯುವುದು. ಕಡಿದ ಕಲ್ಲನ್ನು ಸಾಗಿಸಲು ಇಳಿಜಾರು ಇದ್ದೇ ಇತ್ತು. ಎತ್ತುವುದು ಕಷ್ಟವಾದ ಕಲ್ಲು ಉರುಳುವುದರಲ್ಲಿ ಹಿಂದೆ ಬೀಳುವುದಿಲ್ಲ.

ಅಷ್ಟಾದರೂ ಅಷ್ಟೊಂದು ಕಲ್ಲನ್ನು ಕೈಯಿಂದ ಕಡಿಯುವುದು ಸಾಧ್ಯವೇ? ಪುರಾತತ್ವಜ್ಞ ಎಂ. ಕೆ. ಧವಳೀಕರ್ ಇದಕ್ಕೆ ಒಂದು ಸರಳ ಲೆಕ್ಕ ಹಾಕಿದ್ದಾರೆ. ಒಬ್ಬನು ದಿನಕ್ಕೆ ಸುಮಾರು ನಾಲ್ಕು ಘನ ಅಡಿ ಕಲ್ಲು ಕಡಿಯಬಲ್ಲನು. 250 ಮಂದಿ ದುಡಿದರೆ ಐದೂವರೆ ವರ್ಷಗಳಲ್ಲಿ ಕೆಲಸ ಮುಗಿಯುತ್ತದೆ. ಈ ಲೆಕ್ಕವನ್ನು ನಾವೂ ಪರೀಕ್ಷಿಸಬಹುದು. ಐದೂವರೆ ವರ್ಷವೆಂದರೆ ಸುಮಾರು ಎರಡು ಸಾವಿರ ದಿನ. 250 ಮಂದಿಗೆ ಐದು ಲಕ್ಷ ಆಳುದಿನಗಳು. ಕಡಿದ ಕಲ್ಲು ಇಪ್ಪತ್ತು ಲಕ್ಷ ಘನ ಅಡಿ. ಹೊಂಡದ ಉದ್ದಗಲಗಳನ್ನು ಗುಣಿಸಿದರೆ ಸುಮಾರು 42,500 ಚದರ ಅಡಿ. ಬೆಟ್ಟವು ಮುಂದಕ್ಕೆ ಇಳಿಜಾರಾಗಿರುವುದರಿಂದ ಸರಾಸರಿ ಆಳವನ್ನು ಹಿಂಗೋಡೆಯ ಅರ್ಧದಷ್ಟು ಎಂದು ಹಿಡಿದು, ನಡುವೆ ಉಳಿಸಿಕೊಂಡ ದೇವಾಲಯವನ್ನು ಕಳೆದರೆ, ನಾವು ತಲುಪುವುದು ಇಪ್ಪತ್ತು ಲಕ್ಷದ ಆಸುಪಾಸಿಗೇ. ಆಳಿನ ಕೆಲಸವನ್ನು ಅರ್ಧಕ್ಕೆ ಇಳಿಸಿದರೂ ಹನ್ನೊಂದು ವರ್ಷ ಸಾಕು. ಸೂಕ್ಷ್ಮ ಕೆತ್ತನೆಗೆ ಹೆಚ್ಚಿನ ಕಾಲ ಬೇಕೆಂಬುದು ನಿಜ. ಮುಂದಿನ ದೊರೆಗಳ ಕಾಲದಲ್ಲಿ ಕೆಲವು ಭಾಗಗಳು ಸೇರಿದುದೂ ನಿಜ. ಆದರೂ ಇದು ಮನುಷ್ಯರ ಆಯುಷ್ಯದೊಳಗಿನ ಲೆಕ್ಕ.

ಕಲ್ಲು ಕಡಿಯುವ ಕ್ರಮವನ್ನು ಕಣ್ಣಾರೆ ಕಾಣಬೇಕಾದರೆ ಅರ್ಧಕ್ಕೆ ನಿಂತ ಕೆಲಸಗಳನ್ನು ನೋಡಬೇಕು. ಅಜಂತಾದ ಇಪ್ಪತ್ತನಾಲ್ಕನೆಯ ಗುಹೆ ಅಂಥದು. ಅಲ್ಲಿ ಬಂಡೆಯೊಳಕ್ಕೆ ಓಣಿಗಳಂತೆ ಉದ್ದನೆಯ ಸಾಲುಗಳನ್ನು ತೋಡಿ, ಆಮೇಲೆ ನಡುವಣ ಗೋಡೆಗಳನ್ನು ಒಡೆದು ತೆಗೆದಿದ್ದಾರೆ. ಕಂಬಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಎಲ್ಲವನ್ನೂ ಪುಡಿಮಾಡುವ ಶ್ರಮ ಇದರಿಂದ ತಪ್ಪುತ್ತದೆ. ಮೂರು ಕಡೆ ಬಿಡಿಸಿಕೊಂಡ ಕಲ್ಲು ನಾಲ್ಕನೆಯ ಕಡೆ ಬೇಗ ಒಡೆಯುತ್ತದೆಂಬುದು ಯಾವ ಕಲ್ಲುಗಣಿಯವನಿಗೂ ತಿಳಿದ ವಿಷಯ.

ಇದರಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುವವನು ಕಮ್ಮಾರ. ದಖನ್ನಿನ ಕಪ್ಪುಕಲ್ಲು ಉಳಿಯ ಮೊನೆಯನ್ನು ಬೇಗ ಮೊಂಡಾಗಿಸುತ್ತದೆ. ಮೊಂಡಾದುದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರಿನಲ್ಲಿ ಅದ್ದಿ ಹದಗೊಳಿಸಿ ಮತ್ತೆ ಕೈಗೆ ಕೊಡಬೇಕು. ದಕ್ಷಿಣದ ಕಮ್ಮಾರರಿಗೆ ಉಕ್ಕು ಆ ಹೊತ್ತಿಗೇ ಹಳೆಯ ವಿದ್ಯೆ. ಕಲ್ಲು ಕಡಿಯುವವರ ಸಂಖ್ಯೆಯನ್ನು ಎಣಿಸುವಾಗ ತಿದಿಯೊತ್ತುವವರನ್ನೂ, ಇದ್ದಿಲು ಸುಡುವವರನ್ನೂ, ಬುಟ್ಟಿ ಹೊರುವವರನ್ನೂ, ಅಡುಗೆ ಮಾಡುವವರನ್ನೂ ಸೇರಿಸಿಕೊಳ್ಳಬೇಕು. ಒಂದು ಅರಸೊತ್ತಿಗೆ ಇಷ್ಟು ಜನರಿಗೆ ವರ್ಷಗಟ್ಟಲೆ ಅನ್ನ ಒದಗಿಸಬಲ್ಲುದಾಗಿತ್ತೆಂಬುದು ಯಂತ್ರದ ಕಥೆಗಿಂತ ಮುಖ್ಯವಾದ ಚರಿತ್ರೆ.

ಇನ್ನು ಉಳಿಯುವ ಪ್ರಶ್ನೆ ಯೋಜನೆಯದು. ಮೇಲಿನಿಂದ ಕಡಿಯುವಾಗ ತಪ್ಪಿದರೆ ಕಲ್ಲನ್ನು ಮರಳಿ ಅಂಟಿಸಲಾಗದು. ಆನೆ ಎಲ್ಲಿ, ಕಂಬ ಎಲ್ಲಿ ಎಂಬುದು ಮೊದಲೇ ಗೊತ್ತಿರಬೇಕು. ಗೊತ್ತಿತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಕೆಲವೇ ದಶಕಗಳ ಹಿಂದೆ, ಚಾಲುಕ್ಯರ ರಾಣಿ ಲೋಕಮಹಾದೇವಿಯಿಂದ ನಿರ್ಮಿತವಾಗಿತ್ತು. ಅದರ ಹಿಂದೆ ಕಂಚಿಯ ಕೈಲಾಸನಾಥದ ಮಾದರಿ ಇತ್ತು. ಎಲ್ಲೋರದ ವಿನ್ಯಾಸ ಈ ಪರಂಪರೆಯದೇ. ಇತ್ತ ಭಾಜಾ, ಕಾರ್ಲೆ, ಕಾನ್ಹೇರಿಗಳಲ್ಲಿ ಇದೇ ಜಾತಿಯ ಬಂಡೆಯನ್ನು ಶತಮಾನಗಳ ಕಾಲ ಕೊರೆದ ಅನುಭವ ಆ ನಾಡಿನಲ್ಲಿ ಕೂಡಿಬಂದಿತ್ತು. ದಕ್ಷಿಣದ ನಕ್ಷೆಯೂ ಪಶ್ಚಿಮದ ಕೈಚಳಕವೂ ಒಂದೆಡೆ ಸೇರಿದವು. ಉಳಿದುದನ್ನು ಅಳತೆಯ ದಾರವೂ, ದಾರದ ತುದಿಗೆ ಕಟ್ಟಿದ ತೂಕದ ಗುಂಡೂ ನೋಡಿಕೊಂಡವು.

ಮರಾಠಿಯಲ್ಲಿ ಒಂದು ಹಳೆಯ ಕಥೆಯಿದೆ. ಶಿಖರವನ್ನು ಕಾಣುವವರೆಗೆ ಉಣ್ಣುವುದಿಲ್ಲವೆಂದು ರಾಣಿಯೊಬ್ಬಳು ವ್ರತ ಹಿಡಿದಳಂತೆ; ಕೋಕಸನೆಂಬ ಶಿಲ್ಪಿ ಮೇಲಿನಿಂದಲೇ ಕೆಲಸ ಆರಂಭಿಸಿ ವಾರದೊಳಗೆ ಶಿಖರವನ್ನು ತೋರಿಸಿದನಂತೆ. ವಾರದ ಮಾತು ಕಥೆಯದು. ಶಿಖರದಿಂದ ಆರಂಭವೆಂಬುದು ಕಸುಬಿನ ನೆನಪು. ಜನಪದರು ಪವಾಡವನ್ನು ಹೇಳುವಾಗಲೂ ಕ್ರಮವನ್ನು ಮರೆಯಲಿಲ್ಲ. ಗುಜರಾತಿನ ರಾಷ್ಟ್ರಕೂಟ ಶಾಖೆಯ ಕರ್ಕನ ಬರೋಡಾ ತಾಮ್ರಶಾಸನವೂ ಹೀಗೆಯೇ. ಅಲ್ಲಿ ದೇವತೆಗಳು ಬೆರಗಾಗುತ್ತಾರೆ. ಜೊತೆಗೆ, ಕಡೆದ ಶಿಲ್ಪಿಯೂ ತಾನಿದನ್ನು ಹೇಗೆ ಮಾಡಿದೆನೆಂದು ಬೆರಗಾಗುತ್ತಾನೆ. ಬೆರಗಿನ ನಡುವೆಯೂ ಮಾಡಿದವನು ಮನುಷ್ಯನೇ ಎಂಬುದನ್ನು ಆ ಶಾಸನಕವಿ ಬಿಟ್ಟುಕೊಡಲಿಲ್ಲ.

ಇಂದಿನ ಕಥೆಗಳು ಬಿಟ್ಟುಕೊಡುತ್ತಿರುವುದು ಅದನ್ನೇ. ಪಟ್ಟದಕಲ್ಲಿನ ಶಾಸನಗಳಲ್ಲಿ ಅನಿವಾರಿತಾಚಾರಿ ಗುಂಡ, ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಿಗಳ ಹೆಸರುಗಳಾದರೂ ಉಳಿದಿವೆ. ತಾಮ್ರಶಾಸನವು ನೆನೆಯುವ ಎಲ್ಲೋರದ ಶಿಲ್ಪಿಗೆ ಅಲ್ಲಿ ಹೆಸರಿಲ್ಲ. ಹೆಸರಿಲ್ಲದವರ ಕೈಯಿಂದ ಕೆಲಸವನ್ನೂ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು?

ಮುಂದಿನ ಸಲ ಎಲ್ಲೋರಕ್ಕೆ ಹೋದಾಗ ಅಂಗಳಕ್ಕೆ ಇಳಿಯುವ ಮುನ್ನ ಪಕ್ಕದ ಬೆಟ್ಟವನ್ನು ಹತ್ತಿ ಶಿಖರವನ್ನು ಮೇಲಿನಿಂದ ನೋಡೋಣ. ಕೆಲಸ ಮೊದಲಾದದ್ದು ಅಲ್ಲಿ. ಬಳಿಕ ಕೆಳಗಿಳಿದು ಕಂದಕದ ಗೋಡೆಯನ್ನು ನೋಡೋಣ. ಉಳಿಯ ಗೆರೆಗಳು ಅಲ್ಲಿ ಇಂದಿಗೂ ಸಾಲುಸಾಲಾಗಿವೆ.